ಇಲ್ಲದ ಗಂಟೆಯ ಸವತಿ

ವರ್ಷಕ್ಕೊಮ್ಮೆ ಮಧ್ಯಾಹ್ನ ಹನ್ನೆರಡಾಗುತ್ತಲೇ ಗಡಿಯಾರಗಳು ಒಂದಕ್ಕೆ ಹಾರುತ್ತಿದ್ದವು. ನಡುವಿನ ಗಂಟೆಯಲ್ಲಿ ಜನರೆಲ್ಲ ಅರಿವಿಲ್ಲದೆ ಇದ್ದಲ್ಲೇ ನಿಂತುಬಿಡುತ್ತಿದ್ದರು. ಆ ಗಂಟೆಗೆ ನಿಗದಿಯಾಗಿದ್ದ ರೈಲು, ಆಪರೇಷನ್, ಮುಹೂರ್ತಗಳನ್ನೆಲ್ಲ ಕಂಪ್ಯೂಟರಿನಲ್ಲಿ ಮುಂದಕ್ಕೆ ತಳ್ಳಲು ಊರಿನಲ್ಲಿ ಇಬ್ಬರೇ ಪ್ರೋಗ್ರಾಮರುಗಳು ಎಚ್ಚರವಿರುತ್ತಿದ್ದರು: ಶಾಂಭವಿಯ ಗಂಡ ಇಂದುಧರ, ಅವನ ಆಫೀಸಿನ ರೋಹಿಣಿ.

ಇಡೀ ಊರು ಕಲ್ಲಾಗಿ ನಿಂತಾಗ ಅವರಿಬ್ಬರೇ! ಅದನ್ನು ನೆನೆದರೆ ಶಾಂಭವಿಗೆ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತಿತ್ತು.

ಈ ಸಲ ಸಾರು ಕಲಕುತ್ತಿದ್ದವಳು ಕಣ್ಣು ಮಿಟುಕಿಸುವಷ್ಟರಲ್ಲಿ ಗಂಟೆ ಒಂದಾಗಿತ್ತು. ಯಾರೋ ಒಲೆ ಆರಿಸಿದ್ದರು. ಆಫೀಸಿನಲ್ಲಿರಬೇಕಾದ ಗಂಡ ಎದುರಿಗೇ ಕುರ್ಚಿ ಹಾಕಿಕೊಂಡು ಕೂತಿದ್ದ.

"ಯಾಕ್ರೀ, ರೋಹಿಣಿ ಬಿಟ್ಟುಕೊಟ್ಲಾ?"

ಇಂದುಧರ ಕಳ್ಳನಂತೆ ಬೆಚ್ಚಿದ. "ಕೆಲಸ ಬೇಗ ಮುಗಿಯುತ್ತೆ ಕಣೇ. ಆಮೇಲೆ ಪ್ರತಿ ವರ್ಷ ಇಲ್ಲಿಗೇ ಓಡಿ ಬರ್ತೀನಿ. ಮನಸಲ್ಲಿರೋದೆಲ್ಲ ನಿನ್ನ ಮುಂದೆ ಹೇಳ್ಕೊಂಡು, ಒಂದು ಗಂಟೆ ಆಗೋ ಮುಂಚೆ ವಾಪಸ್ ಹೋಗ್ತೀನಿ. ಇವತ್ತು ಮಾತಲ್ಲಿ ಹೊತ್ತು ಹೋಗಿದ್ದೇ ತಿಳೀಲಿಲ್ಲ. ನಡುವೆ ಒಂದ್ಸಲಾನೂ ಬಾಯಿ ಹಾಕದೆ ಎಷ್ಟು ಚೆನ್ನಾಗಿ ಕೇಳಿಸ್ಕೋತೀಯ ಗೊತ್ತಾ!"

ಅವನ ಮುಖದಲ್ಲಿ ಅವಳೆಂದೂ ಕಾಣದ ನೆಮ್ಮದಿಯಿತ್ತು. ಅವಳಿಗೆ ರೋಹಿಣಿ ಅಲ್ಲಿಗೇ ಮರೆತುಹೋದಳು. ಇಷ್ಟು ಹೊತ್ತು ಸೌಟು ಹಿಡಿದು ಇಲ್ಲಿ ನಿಂತಿದ್ದ, ತನ್ನದೇ ರೂಪದ ಆ ಮೂಕಿಯ ಮೇಲೆ ಶಾಂಭವಿ ಹಲ್ಲು ಕಡಿದಳು.

"ಅವಳಿಗೆ ಹೇಳಿದ್ದನ್ನೆಲ್ಲ," ಎಂದಳು, "ಈಗ ನನಗೆ ಹೇಳಿ."