ಕೆ ಅಂದ್ರ ಕತ್ತಿ
ಮಾವನ ಹ್ಯಾಮ್ ರೇಡಿಯೊ ಮಾತಿನ ನಡುವೆ ಬಾಯಿ ಹಾಕಿದ ಪೆದ್ದ ನಾನೇ. ಈಗಲೂ ಮೊಬೈಲ್ ರಿಪೇರಿ ಅಂಗಡಿಯ ಬೆಸುಗೆ ಹೊಗೆ ಮೂಗಿಗೆ ಬಡಿದರೆ ಕೊಟ್ಟೂರಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಮಾವ ಬೆಸುಗೆ ಹಾಕಿ ತಾನೇ ಜೋಡಿಸಿದ ಸೆಟ್ಟಿಗೆ ಮೊದಲ ಸಲ ಧಾರವಾಡದಿಂದ ಉತ್ತರ ಬಂದಿತ್ತು. ಗರಗರ ಸದ್ದಿನಲ್ಲಿ ನಮ್ಮೂರ ಹೆಸರು ಆ ಕಡೆಯ ಹಿರಿಯರಿಗೆ ತಿಳಿಯಲಿಲ್ಲ. ಮಾವ ಬೆವರುತ್ತ ಒಂದೊಂದು ಇಂಗ್ಲಿಷ್ ಅಕ್ಷರಕ್ಕೂ ರೇಡಿಯೊದವರ ಒಂದೊಂದು ಪದ ಹಚ್ಚಿ ಬಿಡಿಸಿ ಹೇಳಿದ: "ಕಿಲೋ, ಆಸ್ಕರ್, ಟ್ಯಾಂಗೊ..."

ಆದರೂ ತಿಳಿಯಲಿಲ್ಲ. ಅವನು ತಂತಿ ಸರಿಮಾಡಲು ತಿರುಗಿದ್ದೇ ತಡ, ನಾನು ಮೈಕಿನ ಗುಂಡಿ ಒತ್ತಿ ಅವನದೇ ಧಾಟಿಯಲ್ಲಿ, ಕತ್ತೆಗೆ ಕತ್ತಿ ಅನ್ನುವ ನಮ್ಮೂರ ಮಾತಿನಲ್ಲಿ ಒದರಿದೆ: "ಕೆ ಅಂದ್ರ ಕತ್ತಿ, ಓ ಅಂದ್ರ ಓತಿಕ್ಯಾತ, ಟಿ ಅಂದ್ರ ಟಗರು, ಇನ್ನೊಂದು ಟಗರು!"

"ಲೇ, ಕೆಡಿಸಿದೆಲ್ಲೋ!" ಮಾವ ತಲೆ ಹಿಡಿದುಕೊಂಡ.

ಅಷ್ಟರಲ್ಲಿ ಧಾರವಾಡದ ದನಿ ಬಂತು: "ಕೊಟ್ಟೂರು, ತಿಳೀತ್ರಿ. ಕತ್ತಿ ಒದರಿದ್ದು ಭಾಳ ಚಂದ ಕೇಳಿಸ್ತು. ಈಗ ಅದನ್ನ ಮೇಯಿಸೋರು ಮಾತಾಡ್ರಿ, ಓವರ್."