ಬೇವಿನ ನೆರಳಿನ ನಿದ್ದೆ

ಕೂಸು ನೋಡಲು ಬಂದ ಹುಲಗಮ್ಮ ತೊಟ್ಟಿಲ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಸೀದಾ ಹೋಗಿ ಬಾಣಂತಿಯ ಮಂಚದ ಮೇಲೆ ಕುಳಿತಳು. ಅಳವಂಡಿಯ ಹಳೇ ನೆರೆಮನೆಯವಳು, ಬಸ್ಸು ಹಿಡಿದು ಕೊಪ್ಪಳದವರೆಗೆ ಬಂದು ಹೀಗೆ ಮಾಡುವುದೇ! ಶಹನಾಜಬೇಗಂಗೆ ಒಳಗೊಳಗೇ ಬೇಜಾರಾಯಿತು.

"ಹೆಂಗದೀ ಮೆಹಜಬೀನ?"

"ಛಲೋ ಅದಾಳಕ್ಕಾ," ಮಗಳ ಬದಲು ಶಹನಾಜಳೇ ಉತ್ತರಿಸಿದಳು. "ಕೂಸಿನ ತೂಕ ಏರೈತಿ ಅಂತ ನರ್ಸಬಾಯಾರೂ ಹೇಳಿ ಹೋದ್ರು. ಇಕಿದ ಒಂದು, ಸುಮ್ಮಸುಮ್ಮನ ಅಳೋದು. ಗಂಡನ ಮನಿಯವರ ಕಿವಿಗೆ ಬಿದ್ರ ಹುಚ್ಚಿ ಅಂತಾರ."

ಮೆಹಜಬೀನ ಗೋಡೆಯತ್ತ ಮುಖ ಮಾಡಿಯೇ ಹೇಳಿದಳು: "ನನಗ ಈ ಕೂಸು ಬ್ಯಾಡ ದೊಡ್ಡವ್ವ. ಎತ್ತಿಕೊಂಡ್ರೂ ನಂದು ಅನಸವಲ್ದು."

"ತೌಬಾ!" ಶಹನಾಜ ಬಾಯಿಗೆ ಸೆರಗು ಒತ್ತಿಕೊಂಡಳು. "ನಮ್ಮ ಬಾಣಂತನ ಹೆಂಗಿತ್ತಕ್ಕಾ! ನಿಮ್ಮ ಅಂಗಳದ ಬೇವಿನ ನೆರಳು, ನೆತ್ತಿ ಮ್ಯಾಲೆ ಎಣ್ಣಿ, ನೀ ರೊಟ್ಟಿ ಬಡಿಯೋ ಸಪ್ಪಳ... ಅವತ್ತಿನಂಥಾ ನಿದ್ದಿ ಮತ್ತ ಬರಲೇ ಇಲ್ಲ ನೋಡು."

ಮಗಳು ಚಿಕ್ಕಂದಿನಿಂದ ಕೇಳಿದ ಕಥೆ ಅದು. ಹೇಳುವಾಗಲೆಲ್ಲ ಶಹನಾಜಳ ಮುಖ ಅರಳುತ್ತಿತ್ತು. ಈಗಲೂ ಅರಳಿತು.

"ಅವತ್ತು ನಮ್ಮ ಅಂಗಳದಾಗ ಯಾಕ ಮಲಗಿದ್ದಿ? ಅದನ್ನ ಮಗಳಿಗೆ ಹೇಳೀಯೇನು?" ಎಂದಳು ಹುಲಗಮ್ಮ.

ಶಹನಾಜಳಿಗೆ ಆ ದಿನ ನೆನಪಾಯಿತು. ಅವತ್ತು ತಾನೇ ಹಸುಗೂಸು ಮೆಹಜಬೀನಳನ್ನು ಹುಲಗಮ್ಮನ ಮಡಿಲಿಗೆ ಹಾಕಿ, "ನನಗ ಬ್ಯಾಡ, ನೀನ ಇಟಗೋ" ಎಂದು ಬಿಕ್ಕಿದ್ದಳು. ಗಾಳಿ ಸೋಕೈತಿ ಎಂದು ಅತ್ತೆ ಗೊಣಗಿದ್ದಳು. ಹುಲಗಮ್ಮ ಮಾತ್ರ ಬೈಯಲಿಲ್ಲ. ಕೂಸನ್ನು ಬಗಲಿಗೇರಿಸಿಕೊಂಡು, ತಾಯಿಯ ತಲೆಗೆ ಎಣ್ಣೆ ತಿಕ್ಕಿ ಮಲಗಿಸಿದ್ದಳು. ಆ ನೆರಳು, ಆ ನಿದ್ದೆ ಅಷ್ಟನ್ನೇ ಇಟ್ಟುಕೊಂಡು ಉಳಿದದ್ದನ್ನೆಲ್ಲ ತಾನು ಮರೆತುಬಿಟ್ಟಿದ್ದಳಲ್ಲ!

"ನಾನೂ ನಿನ್ನ ಬ್ಯಾಡ ಅಂದಿದ್ದೆ," ಎಂದಳು ಮಗಳಿಗೆ.

ಮೆಹಜಬೀನ ಗೋಡೆ ಬಿಟ್ಟು ಇತ್ತ ಹೊರಳಿದಳು. "ಅಮ್ಮೀ, ನೀನೂ?"

ಶಹನಾಜ ಹೌದೆಂದು ತಲೆಯಾಡಿಸಿದಳು. ಕಣ್ಣು ತುಂಬಿ ಮಗಳ ಮುಖ ಸರಿಯಾಗಿ ಕಾಣಲಿಲ್ಲ.

"ಆಗ ನಿನ್ನ ನೋಡಾಕ ನಾ ಒಬ್ಬಾಕಿ ಇದ್ದೆ, ಶಹನಾಜ. ನೀ ಮೊದಲಿನಂಗ ಆಗಾಕ ವರ್ಷ ಹಿಡೀತು," ಹುಲಗಮ್ಮ ಮೆಹಜಬೀನಳ ಸಿಕ್ಕುಗಟ್ಟಿದ ಜಡೆ ಬಿಚ್ಚುತ್ತ ಹೇಳಿದಳು. "ಈಗ ಇದಕ್ಕೂ ಡಾಕ್ಟರ್ ಅದಾರ. ಕರಕೊಂಡು ನಡಿ. ಕೂಸು ನನ್ನ ಕಡೆ ಇರ್ಲಿ."

ಶಹನಾಜ ಗೂಟದ ಮೇಲಿನ ಬುರ್ಖಾ ತೆಗೆದು ಮಗಳ ಕೈ ಹಿಡಿದು ಹೊರಟಳು. ಬಾಗಿಲಲ್ಲಿ ಶಹನಾಜಳ ಗಂಡ ಶಾಮೀದಸಾಬ ಎದುರಾದ.

"ದವಾಖಾನಿಗೇನು? ಕೂಸಿಗೇನಾತು?"

"ಕೂಸು ಛಲೋ ಐತ್ರಿ. ಮೆಹಜಬೀನನ್ನ ತೋರ್ಸಬೇಕು."

"ಆಕಿಗೇನಾಗೈತಿ?"

"ಇವತ್ತ ಮೊದಲ ಸಲ ಕೇಳಿದ್ರಿ ನೋಡ್ರಿ," ಎಂದಳು ಶಹನಾಜ. "ನಾನೂ ಕೇಳಿರಲಿಲ್ಲ."