ಕೆದಕಿದ ಹುಲ್ಲುಹಾಸು

ನಮ್ಮೂರಿನಲ್ಲಿ ನುಂಗಿಕೊಂಡ ಮಾತುಗಳು ಮೊದಲ ಮಳೆಗೆ ಮನೆಮುಂದಿನ ಹುಲ್ಲುಹಾಸಿನಲ್ಲಿ ಕಳೆಯಾಗಿ ಎದ್ದು, ನುಂಗಿದವರ ದನಿಯಲ್ಲೇ ಕೂಗುತ್ತವೆ. ಅದಕ್ಕೇ ಎಲ್ಲರೂ ಏಪ್ರಿಲ್‌ನಲ್ಲೇ ಕಳೆ ಮೊಳೆಯದಂತೆ ಪುಡಿ ಎರಚಿ ನೀರುಣಿಸುತ್ತಾರೆ. ನಮ್ಮನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಅದು ನನ್ನ ಕೆಲಸ.

“ಆಮೇಲೆ ಮಣ್ಣು ಕೆದಕಬೇಡ ಕಣೇ, ಪುಡಿಯ ಪದರ ಒಡೆದ್ರೆ ಎಲ್ಲಾ ದಂಡ,” ಎನ್ನುತ್ತಾರೆ ನಮ್ಮ ಯಜಮಾನರು ಶಿವನಂಜಪ್ಪ, ಪ್ರತಿ ವರ್ಷವೂ.

ಈ ಸಲ ಹುಡುಗಿಯರ ಕಾಲೇಜಿನಿಂದ ನನಗೆ ಕೆಲಸದ ಪತ್ರ ಬಂದಿತ್ತು. ಹೋಗುತ್ತೇನೆ ಎಂಬ ಮಾತನ್ನು ಅವರೆದುರು ನುಂಗಿಕೊಂಡೆ. ಪುಡಿ ಎರಚಿದ ಮರುದಿನ, ಅವರು ಸ್ನಾನಕ್ಕೆ ಹೋದಾಗ, ಹುಲ್ಲುಹಾಸನ್ನೆಲ್ಲ ಕೆದಕಿಬಿಟ್ಟೆ.

ಮಳೆ ಬಿದ್ದ ಮೂರನೇ ಬೆಳಿಗ್ಗೆ ಕಳೆ ಎದ್ದಿತ್ತು.

“ಸಾರಿಗೆ ಉಪ್ಪು ನೀವೇ ಹಾಕ್ಕೊಳ್ಳಿ!” ಎಂದಿತು ಒಂದು. “ನಿಮ್ಮಕ್ಕ ಉಟ್ಟುಬಿಟ್ಟ ಸೀರೆ ನಂಗ್ಬೇಡ!” ಎಂದಿತು ಇನ್ನೊಂದು. ಪಕ್ಕದ ಮನೆಯ ಗಿರಿಜಾಂಬ ಕಾಂಪೌಂಡಿನಾಚೆ ಕಿಸಕ್ಕನೆ ನಕ್ಕರು.

“ಮಾನ ಹೋಯ್ತು! ಕೀಳೇ ಬೇಗ!” ಯಜಮಾನರು ಕೂಗಿದರು.

ಗೇಟಿನ ಬಳಿ ಎಲ್ಲಕ್ಕಿಂತ ಎತ್ತರದ ಕಳೆ ಆಗಷ್ಟೇ ಮೊಗ್ಗು ಬಿಚ್ಚುತ್ತಿತ್ತು. ಅದರ ಮಾತು ಯಾವುದೆಂದು ನನಗೆ ಗೊತ್ತಿತ್ತು. ಅದಕ್ಕೂ ಮೊದಲು ನಾನೇ ಬಾಯಿ ತೆರೆದೆ.

“ಸೋಮವಾರದಿಂದ ಕಾಲೇಜಿಗೆ ಪಾಠ ಮಾಡೋಕೆ ಹೋಗ್ತೀನಿ ರೀ.”

ಮೊಗ್ಗು ಸದ್ದಿಲ್ಲದೆ ಅರಳಿತು. ಹಳದಿ ಹೂವು. ಕಿತ್ತು ಮುಡಿದುಕೊಂಡೆ.